ವೈರ್ ಕಟ್ ಮೆಷಿನ್‌ನಲ್ಲಿ ನೀರು ನಿಲ್ಲದಿದ್ದರೆ, ನೀರು ಇಳಿಯದಿದ್ದರೆ: ನನ್ನ ಅನುಭವ

ತೆಳು ವೈರಿನ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಕಟ್ ಮೆಷಿನ್‌ನಲ್ಲಿ ನೀರಿನ ಲೆವೆಲ್ ಕಡಿಮೆ ಎಂದು ಅಲಾರಂ ಬಂದ ಕೂಡಲೇ ಕ್ಯಾನ್ ತಂದು ಡಿಐ ವಾಟರ್ (ಲವಣ ತೆಗೆದ ನೀರು) ಸುರಿಯುವುದು ಬಹಳ ಆಪರೇಟರ್‌ಗಳ ರೂಢಿ. ನಾನು ಕ್ಯಾನ್ ಮುಟ್ಟುವ ಮೊದಲು ಕ್ಲೀನ್ ಟ್ಯಾಂಕ್, ಡರ್ಟಿ ಟ್ಯಾಂಕ್, ವರ್ಕ್ ಟ್ಯಾಂಕ್ ಮೂರನ್ನೂ ಇಣುಕಿ ನೋಡುತ್ತೇನೆ. ಹೆಚ್ಚಿನ ಸಲ ನೀರು ಎಲ್ಲಿಗೂ ಹೋಗಿರುವುದಿಲ್ಲ, ಇರಬಾರದ ಟ್ಯಾಂಕಿನಲ್ಲಿ ಕೂತಿರುತ್ತದೆ.

ನೀರಿನ ದಾರಿ ಮೆಷಿನ್‌ನಿಂದ ಮೆಷಿನ್‌ಗೆ ಸ್ವಲ್ಪ ಬದಲಾದರೂ ಮೂಲ ಒಂದೇ. ಕ್ಲೀನ್ ಟ್ಯಾಂಕಿನಿಂದ ಫಿಲ್ ಪಂಪ್ (ಟ್ಯಾಂಕ್ ತುಂಬಿಸುವುದು) ಮತ್ತು ಫ್ಲಶಿಂಗ್ ಪಂಪ್ (ಕಟ್ ಆಗುವ ಜಾಗಕ್ಕೆ ನೀರು ಚಿಮ್ಮಿಸುವುದು) ನೀರನ್ನು ಕಟಿಂಗ್ ನಡೆಯುವ ವರ್ಕ್ ಟ್ಯಾಂಕಿಗೆ ಕೊಡುತ್ತವೆ. ಅಲ್ಲಿ ನೀರಿನ ಎತ್ತರ ನಿಗದಿ ಮಾಡುವ ಲೆವೆಲ್ ಪ್ಲೇಟ್ ಮೀರಿದ ನೀರು ಡರ್ಟಿ ಟ್ಯಾಂಕಿಗೆ ಬೀಳುತ್ತದೆ. ಫಿಲ್ಟರ್ ಪಂಪ್ ಅದನ್ನು ಎತ್ತಿ, ಪೇಪರ್ ಫಿಲ್ಟರ್ ಹಾಯಿಸಿ ಮತ್ತೆ ಕ್ಲೀನ್ ಟ್ಯಾಂಕಿಗೆ ಬಿಡುತ್ತದೆ. ಎಲ್ಲ ಸರಿಯಿದ್ದರೆ ಕ್ಲೀನ್ ಟ್ಯಾಂಕ್ ತುಂಬಿ, ನಡುವಿನ ಅಡ್ಡಗೋಡೆಯ ಮೇಲಿಂದ ತೆಳುವಾಗಿ ಡರ್ಟಿ ಕಡೆಗೆ ಹರಿಯುತ್ತಲೇ ಇರುತ್ತದೆ. ಈ ಹರಿವು ನಿಂತಿದೆ ಎಂದರೆ ಫಿಲ್ಟರ್ ಆಗಿ ಬರುವ ನೀರು ಖರ್ಚಿಗೆ ಸಾಲುತ್ತಿಲ್ಲ. ಅಲಾರಂ ಬರುವ ಮುಂಚೆಯೇ ಸಿಗುವ ಸೂಚನೆ ಇದು.

ಕ್ಲೀನ್ ಟ್ಯಾಂಕ್ ಖಾಲಿ, ಡರ್ಟಿ ಟ್ಯಾಂಕ್ ಭರ್ತಿ ಇದ್ದರೆ ತೊಂದರೆ ಫಿಲ್ಟರ್ ಸಾಲಿನಲ್ಲಿದೆ. ಪ್ರೆಶರ್ ಗೇಜ್ ನೋಡಿ. ಹೊಸ ಫಿಲ್ಟರ್ ಹಾಕಿದ ದಿನದ ರೀಡಿಂಗನ್ನು ನಾನು ಹೌಸಿಂಗ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ, ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒತ್ತಡ ಏರಿ ಮ್ಯಾನುಯಲ್ ಹೇಳಿದ ಮಿತಿ ಮುಟ್ಟಿದ್ದರೆ (ಹಲವು ಮೆಷಿನ್‌ಗಳಲ್ಲಿ 2 ಬಾರ್ ಆಸುಪಾಸು) ಫಿಲ್ಟರ್ ಕಟ್ಟಿದೆ, ಬದಲಿಸಿ. ಒತ್ತಡವೇ ಇಲ್ಲದಿದ್ದರೆ ಪಂಪ್ ಎಳೆಯುತ್ತಿಲ್ಲ: ಸಕ್ಷನ್ ಜಾಲರಿಗೆ ಕೆಸರು ಮೆತ್ತಿರುತ್ತದೆ, ಇಲ್ಲವೇ ಪಂಪಿನೊಳಗೆ ಗಾಳಿ ಸೇರಿರುತ್ತದೆ. ನಿನ್ನೆ ಎತ್ತರದಲ್ಲಿದ್ದ ಮುಳ್ಳು ಇವತ್ತು ದಿಢೀರನೆ ಇಳಿದು, ಕ್ಲೀನ್ ಟ್ಯಾಂಕಿನ ನೀರು ಕಪ್ಪಗಾಗಿದ್ದರೆ ಫಿಲ್ಟರ್ ಪೇಪರ್ ಒಳಗೆ ಒಡೆದಿದೆ. ಮೆಷಿನ್ ಜಾಗ ಬದಲಿಸಿದ ಮೇಲೆ ಅಥವಾ ವೈರಿಂಗ್ ಕೆಲಸ ಆದ ಮೇಲೆ ಈ ತೊಂದರೆ ಶುರುವಾದರೆ ಮೋಟಾರ್ ತಿರುಗುವ ದಿಕ್ಕು ನೋಡಿ. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ಒಂದಿಷ್ಟು ನೀರು ಕೊಡುತ್ತದೆ. ಪಂಪ್ ಸರಿಯಿದೆ ಎಂದುಕೊಂಡು ಎಲ್ಲರೂ ಫಿಲ್ಟರ್ ಬಿಚ್ಚುತ್ತಾ ಕೂರುವುದು ಇದಕ್ಕೇ.

ಡರ್ಟಿ ಟ್ಯಾಂಕ್ ಉಕ್ಕಿ ನೆಲಕ್ಕೆ ನೀರು ಹರಿಯುವುದು ಸಾಮಾನ್ಯವಾಗಿ ಮೆಷಿನ್ ದೋಷವಲ್ಲ, ನಾವೇ ಮಾಡಿಕೊಂಡದ್ದು. ವರ್ಕ್ ಟ್ಯಾಂಕ್ ತುಂಬಿರುವಾಗ ಕೆಳಗಿನ ಟ್ಯಾಂಕನ್ನೂ ಗೆರೆಯವರೆಗೆ ತುಂಬಿಸಿದರೆ, ಡ್ರೈನ್ ಬಿಟ್ಟಾಗ ಆ ನೀರಿಗೆ ಜಾಗವೆಲ್ಲಿ? 900 × 600 ಮಿ.ಮೀ. ಟ್ಯಾಂಕಿನಲ್ಲಿ 300 ಮಿ.ಮೀ. ನೀರಿದ್ದರೆ 162 ಲೀಟರ್ ಆಯಿತು. ವರ್ಕ್ ಟ್ಯಾಂಕ್ ಪೂರ್ತಿ ಇಳಿದ ಮೇಲೆಯೇ ಲೆವೆಲ್ ನೋಡಿ ನೀರು ಸೇರಿಸಬೇಕು. ಸೇರಿಸುವುದೂ ಡಿಐ ವಾಟರೇ ಆಗಿರಲಿ, ನಲ್ಲಿ ನೀರು ಹಾಕಿದರೆ ನೀರಿನ ಲವಣ ಹೀರುವ ರೆಸಿನ್ ಬೇಗ ಸಾಯುತ್ತದೆ.

ರಾತ್ರಿ ಸರಿಯಿದ್ದು ಬೆಳಗ್ಗೆ ಉಕ್ಕಿರುತ್ತದೆಯೇ? ಫಿಲ್ಟರ್ ಪೈಪಿನ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವುದು) ನೋಡಿ. ಅದರ ಫ್ಲಾಪ್ ಕೆಳಗೆ ಒಂದು ಹರಳು ಕೂತರೂ ಸಾಕು, ಪವರ್ ಆಫ್ ಆದ ಮೇಲೆ ಕ್ಲೀನ್ ಟ್ಯಾಂಕಿನ ನೀರು ಫಿಲ್ಟರ್ ಪೈಪಿನಲ್ಲೇ ಸೈಫನ್ ಆಗಿ ಹಿಂದಕ್ಕೆ ಇಳಿಯುತ್ತದೆ. ಶಿಫ್ಟ್ ಮುಗಿದಾಗ ಎರಡೂ ಟ್ಯಾಂಕಿಗೆ ಗೆರೆ ಹಾಕಿ ಹೋದರೆ ಬೆಳಗ್ಗೆ ಗೊತ್ತಾಗಿಬಿಡುತ್ತದೆ.

ವರ್ಕ್ ಟ್ಯಾಂಕ್ ತುಂಬದಿದ್ದಾಗ ಎಲ್ಲರ ಕೈ ಸೀಲಿಗೆ ಹೋಗುತ್ತದೆ. ನಾನು ಮೊದಲು ಅಳೆಯುತ್ತೇನೆ. ಎಷ್ಟು ತುಂಬುತ್ತದೋ ಅಷ್ಟು ತುಂಬಿಸಿ, ಫಿಲ್ ಮತ್ತು ಫ್ಲಶಿಂಗ್ ಪಂಪ್ ನಿಲ್ಲಿಸಿ, ಡ್ರೈನ್ ಮುಚ್ಚಿಯೇ ಇಟ್ಟು, ಒಳಗೋಡೆಗೆ ಗೆರೆ ಎಳೆದು 10 ನಿಮಿಷ ಬಿಡುತ್ತೇನೆ. ಮೇಲೆ ಹೇಳಿದ ಅಳತೆಯ ಟ್ಯಾಂಕಿನಲ್ಲಿ 10 ಮಿ.ಮೀ. ಇಳಿದರೆ 5.4 ಲೀಟರ್. ಹತ್ತು ನಿಮಿಷಕ್ಕೆ 20 ಮಿ.ಮೀ. ಇಳಿಯಿತೆಂದರೆ ನಿಮಿಷಕ್ಕೆ ಒಂದು ಲೀಟರ್ ಚಿಲ್ಲರೆ. ಇಷ್ಟು ಸೋರಿಕೆಗೆ ಫಿಲ್ ಪಂಪ್ ಸೋಲಬಾರದು. ಸೋತಿದ್ದರೆ ಪಂಪ್, ಅದರ ಜಾಲರಿ, ಲೆವೆಲ್ ಪ್ಲೇಟಿನ ಎತ್ತರ ನೋಡಬೇಕು. ಒಂದೇ ನಿಮಿಷಕ್ಕೆ 50 ಮಿ.ಮೀ. ಇಳಿದರೆ 27 ಲೀಟರ್; ಡ್ರೈನ್ ಗೇಟೋ ಬಾಗಿಲೋ ಪೂರ್ತಿ ಕೂತಿಲ್ಲ. ಇನ್ನೊಂದು ವಿಷಯ, ನೀರು ಇಳಿದು ಇಳಿದು ಎಲ್ಲಿ ನಿಲ್ಲುತ್ತದೋ ಸೋರುವ ತೂತು ಆ ಮಟ್ಟದಲ್ಲಿದೆ. ಲೋವರ್ ಆರ್ಮ್ (ವೈರನ್ನು ಕೆಳಗಿನಿಂದ ಹಿಡಿಯುವ ತೋಳು) ಟ್ಯಾಂಕಿನ ಗೋಡೆ ದಾಟುವ ಕಡೆಯ ಸೀಲ್ ಎತ್ತರಕ್ಕೆ ಬಂದು ನಿಂತರೆ ಆರ್ಮ್ ಸೀಲ್, ತಳದವರೆಗೂ ಇಳಿದರೆ ಡ್ರೈನ್ ಗೇಟ್ ಅಥವಾ ಬಾಗಿಲಿನ ಕೆಳಗಿನ ಅಂಚು.

ಬಾಗಿಲಿನ ಗ್ಯಾಸ್ಕೆಟ್ ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಹತ್ತಿ ಬಟ್ಟೆಯಿಂದ ಅದರ ಉದ್ದಕ್ಕೂ ನಿಧಾನವಾಗಿ ಒರೆಸಿ. 0.25 ಮಿ.ಮೀ. ವೈರಿನ ಅರ್ಧ ಸೆಂಟಿಮೀಟರ್ ತುಂಡು ರಬ್ಬರಿನಲ್ಲಿ ಹುದುಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಬಟ್ಟೆಯ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಲಿಕಾನ್ ಬಳಿದು ಮುಚ್ಚಬೇಡಿ. ಮುಂದೆ ಹೊಸ ಗ್ಯಾಸ್ಕೆಟ್ ಕೂರಿಸುವಾಗ ಆ ಸಿಲಿಕಾನ್ ಕೆರೆಯುವುದೇ ದೊಡ್ಡ ಕೆಲಸ.

ಆರ್ಮ್ ಸೀಲ್‌ನಲ್ಲಿ ಸ್ವಲ್ಪ ಜಿನುಗುವುದು ಸಹಜ. ಆ ನೀರನ್ನು ಹಿಡಿದು ಡರ್ಟಿ ಟ್ಯಾಂಕಿಗೆ ಬಿಡಲು ಹಿಂದೆ ಒಂದು ತಟ್ಟೆ ಇರುತ್ತದೆ. ಅದರ ತೂತು ಕೆಸರು ಕಟ್ಟಿದರೆ ನೀರು ಉಕ್ಕಿ ಗೈಡ್‌ವೇ (ಮೆಷಿನ್ ಭಾಗಗಳು ಜಾರುವ ಹಳಿ) ಮೇಲೆ ಹೋಗುತ್ತದೆ. ಸೀಲ್ ಬದಲಿಸುವ ಖರ್ಚಿಗೆ ಇಳಿಯುವ ಮೊದಲು ಈ ತೂತಿಗೆ ಒಂದು ನೈಲಾನ್ ಬ್ರಷ್ ಹಾಕಿ ನೋಡಿ. ಹಿಂಬದಿಯ ಹಳೇ ವೈರ್ ಬೀಳುವ ಡಬ್ಬಿಯದೂ ಇದೇ ಕಥೆ: ವೈರ್ ಜೊತೆ ಬರುವ ನೀರು ಇಳಿಯುವ ತೂತನ್ನು ವೈರ್ ಚೂರುಗಳೇ ಮುಚ್ಚುತ್ತವೆ. ಎರಡೂ ಟ್ಯಾಂಕ್ ಒಟ್ಟಿಗೆ ಇಳಿಯುತ್ತಿದ್ದು, ಆವಿಯಾಗುವುದಕ್ಕಿಂತ ಹೆಚ್ಚು ನೀರು ಕೇಳುತ್ತಿದ್ದರೆ ಮೊದಲು ಈ ಡಬ್ಬಿಯ ಕೆಳಗೆ ಕೈಯಾಡಿಸಿ.

ವರ್ಕ್ ಟ್ಯಾಂಕಿನ ನೀರು ಇಳಿಯದಿದ್ದರೆ ಡ್ರೈನ್ ಬಾಯಿಯಲ್ಲಿ ಬಿದ್ದ ಸ್ಲಗ್ (ಕಟ್ ಆಗಿ ಬಿದ್ದ ಲೋಹದ ತುಂಡು) ಹುಡುಕಿ. ಗೇಟ್ ಏರ್ ಸಿಲಿಂಡರ್‌ನಿಂದ ತೆರೆಯುವಂಥದ್ದಾದರೆ ಗಾಳಿಯ ಒತ್ತಡವನ್ನೂ ನೋಡಿ. ನಿಧಾನವಾಗಿ ಇಳಿಯುತ್ತಿದ್ದರೆ ಹೋಸ್ ಎಲ್ಲೋ ಜೋತುಬಿದ್ದಿದೆ, ಆ ತಗ್ಗಿನಲ್ಲಿ ಕೆಸರು ಕೂತಿದೆ. ಹೋಸ್ ಬಿಚ್ಚಿ, ಟ್ಯಾಂಕಿನದೇ ನೀರಿನಿಂದ ತೊಳೆದು, ಉದ್ದಕ್ಕೂ ಇಳಿಜಾರು ಸಿಗುವಂತೆ ಕಟ್ಟಿ. ಸೋಪು, ಡಿಟರ್ಜೆಂಟ್ ಬೇಡ. ನೊರೆ ಬರುತ್ತದೆ, ನೀರಿನ ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ) ಏರುತ್ತದೆ.

ಇನ್ನು ಟ್ಯಾಂಕಿನ ಲೆವೆಲ್ ತಿಳಿಸುವ ಫ್ಲೋಟ್ ಸ್ವಿಚ್. ಸುಳ್ಳು ಅಲಾರಂಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ತೇಲುವ ಉಂಗುರದೊಳಗೆ ಅಯಸ್ಕಾಂತ, ನಡುವಿನ ಕಡ್ಡಿಯೊಳಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್). ಸ್ಟೀಲ್ ಕಟ್ ಮಾಡಿದ ಪುಡಿ ಆ ಅಯಸ್ಕಾಂತಕ್ಕೆ ಅಂಟಿ, ಉಂಗುರಕ್ಕೂ ಕಡ್ಡಿಗೂ ನಡುವೆ ಕಪ್ಪು ಪೇಸ್ಟಿನಂತೆ ಗಟ್ಟಿಯಾಗುತ್ತದೆ. ಮೇನ್ ಆಫ್ ಮಾಡಿ ಹೊರತೆಗೆದು, ಲಾಕ್ ಬಿಚ್ಚುವ ಮೊದಲೇ ಉಂಗುರದ ಮೇಲ್ಭಾಗಕ್ಕೆ ಗುರುತು ಹಾಕಿ. ಹಲವು ಮಾದರಿಗಳಲ್ಲಿ ಉಂಗುರ ತಲೆಕೆಳಗಾಗಿ ಕೂತರೆ ಸ್ವಿಚ್ಚಿನ ಕೆಲಸವೇ ಉಲ್ಟಾ ಆಗುತ್ತದೆ. ಒರೆಸಿ, ಮಲ್ಟಿಮೀಟರ್ ಇಟ್ಟು ಕೈಯಿಂದ ಮೇಲೆ ಕೆಳಗೆ ಆಡಿಸಿ ಹತ್ತು ಸಲ ನೋಡಿ. ಒಂದು ಸಲ ತಪ್ಪಿದರೂ ಬದಲಿಸಿ. ಉತ್ಪಾದನೆ ನಿಲ್ಲಬಾರದೆಂದು ಈ ಸ್ವಿಚ್ಚಿನ ಎರಡು ವೈರ್ ಶಾರ್ಟ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಪಂಪ್ ಒಣಗಿ ಓಡಿ ಮೆಕ್ಯಾನಿಕಲ್ ಸೀಲ್ ಸುಡುತ್ತದೆ. ಎಣ್ಣೆಯಲ್ಲಿ ಕಟ್ ಮಾಡುವ ಮೆಷಿನ್ ಆದರೆ ಲೆವೆಲ್ ಇಳಿದಾಗ ಕಿಡಿ ಗಾಳಿಗೆ ತೆರೆದುಕೊಂಡು ಬೆಂಕಿಯೇ ಹತ್ತಬಹುದು.

ಏನೇ ಸರಿಮಾಡಿದರೂ ಮತ್ತೆ ಗೆರೆ ಎಳೆದು ಅದೇ 10 ನಿಮಿಷದ ಪರೀಕ್ಷೆ ಮಾಡುತ್ತೇನೆ. ಆರ್ಮ್ ಸೀಲ್ ಬದಲಿಸಿದ್ದರೆ ಆರ್ಮನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಎರಡು ಕಡೆಯೂ ಅಳೆಯುತ್ತೇನೆ; ನಡುವೆ ಬಿಗಿಯಾಗಿರುವ ಸೀಲ್ ತುದಿಗೆ ಹೋದಾಗ ಸೋರುವುದುಂಟು.