ಮಧ್ಯಾಹ್ನದ ನಿದ್ದೆ ಬಿಡಿಸಲಿಲ್ಲ, ಬೇಗ ಮಾಡಿದೆ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಪಾಳಣಾಘರ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವ ಮನೆ, ನಡೆಸುವವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತೀರಿ. "ಆಂಟಿ, ಮಧ್ಯಾಹ್ನ ಮಲಗಿಸಬೇಡಿ. ರಾತ್ರಿ 12 ಆದ್ರೂ ಮಲಗೋದೇ ಇಲ್ಲ." ಪಾಪ, ಬೆಳಿಗ್ಗೆ 7.40ರ ಫಾಸ್ಟ್ ಲೋಕಲ್ ರೈಲಿಗೆ ಓಡುವ ತಾಯಿ ಬೇರೆ ಏನು ಹೇಳಬೇಕು? ಆದರೆ ಅವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿದ ಮೇಲೆಯೇ ನನ್ನ ಹತ್ತಿರ ಬರುವ ಮಕ್ಕಳ ರಾತ್ರಿ ನಿದ್ದೆ ದಾರಿಗೆ ಬಂತು. ಈಗ ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಿನವರು 9.30ರ ಒಳಗೆ ಮಲಗುತ್ತಾರೆ. ನಮ್ಮ ಲೈನಿನಲ್ಲಿ ಇದು ಸಣ್ಣ ಮಾತಲ್ಲ.

ಮಧ್ಯಾಹ್ನ ಮಲಗಿಸದೆ ಇಟ್ಟ ಮಗು ಸಂಜೆ 5ಕ್ಕೆ ರಚ್ಚೆ ಹಿಡಿಯುತ್ತದೆ. 7ಕ್ಕೆ ಅಮ್ಮ ಬಂದು ರಿಕ್ಷಾದಲ್ಲಿ ಕೂತರೆ ಸಾಕು, ಹೆಗಲ ಮೇಲೆ ಕತ್ತು ಬಿತ್ತು ಅಂತಲೇ ಲೆಕ್ಕ. ಮನೆ ಬಂದಾಗ ಎಚ್ಚರ. ನಡುವೆ ಆಗಿದ್ದು 15-20 ನಿಮಿಷದ ನಿದ್ದೆ ಅಷ್ಟೇ. ಆದರೆ ರಾತ್ರಿಗೆ ಅಂತ ಇಡೀ ದಿನ ಕೂಡಿಟ್ಟ ನಿದ್ದೆಯನ್ನು ಅದು ಖರ್ಚು ಮಾಡಿಬಿಡುತ್ತದೆ. ಆಮೇಲೆ 12ರವರೆಗೆ ಸೋಫಾ ಹತ್ತುವುದು, ಇಳಿಯುವುದು. ಮಧ್ಯಾಹ್ನ ಮಲಗಿಸಿರಬೇಕು ಅಂತ ಬೈಗುಳ ಮಾತ್ರ ನನಗೆ.

ಮೊದಲು ನಮ್ಮಲ್ಲಿ ಎಲ್ಲರ ಊಟ ಮುಗಿದು ಮಕ್ಕಳು ಮಲಗುವಾಗ 2 ಗಂಟೆ ದಾಟುತ್ತಿತ್ತು. ಏಳುವಾಗ 4.30, ಕೆಲವರು 5. ಇದನ್ನು 12.15ಕ್ಕೆ ತರಬೇಕು, ಎಷ್ಟೇ ಆದರೂ 3ಕ್ಕೆ ಎಬ್ಬಿಸಬೇಕು ಅಂತ ಹೊರಟೆ. ಹೇಳುವುದು ಸುಲಭ. 11.30ಕ್ಕೆ ಊಟ ಆಗಬೇಕು ಅಂದರೆ 10.30ಕ್ಕೆ ಕುಕ್ಕರ್ ಏರಬೇಕು. ಬಾಯಿ, ಅಂದರೆ ಕೆಲಸದಾಕೆ, ಒಂದು ಗಂಟೆ ಮೊದಲು ಬರಬೇಕು, ಅದಕ್ಕೆ ಆಕೆ ತಿಂಗಳಿಗೆ 1,000 ಜಾಸ್ತಿ ಕೇಳಿದಳು. ಕೊಟ್ಟೆ.

ಒಂದೇ ದಿನಕ್ಕೆ ಸಮಯ ಬದಲಿಸಿದ್ದು ನಡೆಯಲೇ ಇಲ್ಲ. ಏಳೆಂಟು ಮಕ್ಕಳು ಚಾಪೆ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಅತ್ತ, ಅವನ ಹಿಂದೆ ಎಲ್ಲರೂ ಅತ್ತರು. ಅದನ್ನು ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಮುಂಚೆ ತಂದೆ. ಅದು ಹಿಡಿಯಿತು. ಮೂರು ನಾಲ್ಕು ವಾರ ಹಿಡಿದಿರಬೇಕು. ಅಷ್ಟರಲ್ಲಿ ಇಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಿಂಗಳಿಗೆ ಹತ್ತಿರ ಹತ್ತಿರ 11,000 ಖೋತಾ, ಅದೂ ಸುಮಾರು ಮೂರು ತಿಂಗಳು. ಜಾಗದ ಬಾಡಿಗೆಯೇ 14,000. ಮನೆಯಲ್ಲಿ "ಗಿರಾಕಿ ಕೇಳಿದ ಹಾಗೆ ಮಾಡಬಾರದಾ, ನಿನಗ್ಯಾಕೆ ಈ ಹಟ" ಅಂದರು. ಅಕ್ಕಪಕ್ಕದ ಪಾಳಣಾಘರದವರೂ ಅದನ್ನೇ ಹೇಳಿದರು. ನಾನು ಬಿಡಲಿಲ್ಲ.

ತಂದೆತಾಯಿಯರನ್ನು ಒಪ್ಪಿಸಿದ್ದು ಗೋಡೆಗೆ ಅಂಟಿಸಿದ ಒಂದು ಹಾಳೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ. 4ರಿಂದ 11 ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ, 1-2 ವರ್ಷಕ್ಕೆ 11ರಿಂದ 14, 3-4 ವರ್ಷಕ್ಕೆ 10ರಿಂದ 13. ಅದರ ಮುಂದೆ ನಿಲ್ಲಿಸಿ ಕೇಳುತ್ತೇನೆ: "ನಿಮ್ಮ ಮಗು 12ಕ್ಕೆ ಮಲಗಿ 7ಕ್ಕೆ ಏಳುತ್ತೆ, 7 ಗಂಟೆ ಆಯ್ತು. ಮಧ್ಯಾಹ್ನವೂ ಬೇಡ ಅಂದ್ರೆ ಉಳಿದ 4 ಗಂಟೆ ಎಲ್ಲಿಂದ ತರ್ತೀರಿ?" ಅಪ್ಪಂದಿರಿಗೆ ಈ ಕೂಡಿಸೋ ಕಳೆಯೋ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಬೆಳಿಗ್ಗೆ 7ಕ್ಕೆ ಎಬ್ಬಿಸಬೇಕು, ಭಾನುವಾರವೂ. ಇದೊಂದನ್ನು ಮನೆಯವರೇ ಮಾಡಬೇಕು, ನಾನು ಕೇಳಿಕೊಳ್ಳುವುದೂ ಇದೊಂದನ್ನೇ. ಭಾನುವಾರ 10ರವರೆಗೆ ಮಲಗಿಸಿದ ಮಗುವನ್ನು ಸೋಮವಾರ ನೋಡಿದರೇ ಗೊತ್ತಾಗುತ್ತದೆ. ಬಂದ ತಕ್ಷಣ ಮಕ್ಕಳನ್ನು ಬಾಲ್ಕನಿಯ ಬೆಳಕಿನಲ್ಲಿ ಆಡಿಸುತ್ತೇನೆ. ಅದೂ ಇದರದೇ ಭಾಗ.

ಕತ್ತಲೆಗೆ ದುಡ್ಡು ಸುರಿದಿದ್ದೇನೆ. ಮೊದಲು ರೆಡಿಮೇಡ್ ಪರದೆ, ಜೋಡಿಗೆ 2,000 ಚಿಲ್ಲರೆ. ಬಟ್ಟೆ ಒಳ್ಳೆಯದೇ, ಆದರೆ ಎರಡೂ ಬದಿಯಿಂದ ಬಿಸಿಲು ಒಳಗೆ. ಆಮೇಲೆ ಉಲ್ಹಾಸನಗರಕ್ಕೆ ಹೋಗಿ ದಪ್ಪ ಬಟ್ಟೆ ತಂದು, ಕಿಟಕಿಗಿಂತ ಅರ್ಧ ಅಡಿ ಅಗಲವಾಗಿ ಹೊಲಿಸಿ, ಸುತ್ತ ವೆಲ್ಕ್ರೋ ಹಾಕಿಸಿದೆ. ಎಲ್ಲ ಸೇರಿ 3,000 ಆಗಿರಬಹುದು. ಕೋಣೆ ಹೇಗಾಯಿತು ಅಂದರೆ ಮಧ್ಯಾಹ್ನ ಬಾಯಿ ತಟ್ಟೆ ಎಡವಿದಳು. ಸಣ್ಣ ಬಲ್ಬ್ ಹಾಕಿದೆವು. ನೀಲಿ ಹಾಕಿ ನೋಡಿದೆ, ಹಸಿರು ಹಾಕಿ ನೋಡಿದೆ, ಕೊನೆಗೆ ಕೆಂಪು ಉಳಿಯಿತು. ಫೋನಿನಲ್ಲಿ ಮಳೆ ಸದ್ದು ಹಾಕುವುದನ್ನೂ ಕೆಲವು ದಿನ ನಡೆಸಿದೆ. ಕಾಲ್ ಬಂದಾಗಲೆಲ್ಲ ಸದ್ದು ನಿಲ್ಲುತ್ತಿತ್ತು, ಆ ಕ್ಷಣಕ್ಕೇ ಇಬ್ಬರು ಎದ್ದು ಕೂರುತ್ತಿದ್ದರು. ಈಗ ಒಂದು ಹಳೆಯ ಟೇಬಲ್ ಫ್ಯಾನನ್ನು ದೂರದ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಗಾಳಿ ಮಕ್ಕಳಿಗೆ ಬೀಸುವುದಿಲ್ಲ, ಸದ್ದು ಒಂದೇ ಸಮ.

ಜೋಲಿಯ ವಿಷಯ ಎಲ್ಲರ ತಲೆನೋವು, ಅಲ್ವಾ? 14 ತಿಂಗಳ ಒಂದು ಹುಡುಗಿ ಬಂದಳು. ಮನೆಯಲ್ಲಿ ಸ್ಪ್ರಿಂಗ್ ಹಾಕಿದ ಸೀರೆ ಜೋಲಿ, ತೂಗುವುದು ನಿಂತರೆ ಕಣ್ಣು ಬಿಡುತ್ತಾಳೆ. ಅಜ್ಜಿ ಮೊದಲೇ ಹೇಳಿದರು, "ಏನಮ್ಮಾ, ನಮ್ಮ ಕೂಸು ಚಾಪೆ ಮೇಲೆ ಮಲಗಿದ ದಿನ ನಾನು ನಿಮಗೆ ಹೋಳಿಗೆ ಮಾಡಿ ತರ್ತೀನಿ." ಮೊದಲ ಕೆಲವು ದಿನ ಜೋಲಿಯಲ್ಲೇ ತೂಗಿದೆ, ಕಣ್ಣು ಮುಚ್ಚಿದ ಕೂಡಲೇ ನಿಲ್ಲಿಸಿದೆ. ಆಮೇಲೆ ಕಣ್ಣು ಅರ್ಧ ಮುಚ್ಚಿದಾಗ ನಿಲ್ಲಿಸಿದೆ. ಆಮೇಲೆ ತೂಗದೆ ಬರೀ ಕೈ ಇಟ್ಟೆ. ನಿದ್ದೆ ಬರುವಾಗ ಅವಳ ಎಡಗೈ ಸೀರೆಯ ಅಂಚನ್ನು ಹುಡುಕುತ್ತಿತ್ತು. ಹೆಬ್ಬೆರಳು, ತೋರುಬೆರಳ ನಡುವೆ ಆ ಜರಿ ಅಂಚನ್ನು ಉಜ್ಜುತ್ತಾ ಉಜ್ಜುತ್ತಾ ಕೈ ಸಡಿಲವಾಗುವುದು. ಅವರ ಮನೆಯಿಂದ ಅದೇ ಸೀರೆಯ ಒಂದು ತುಂಡು ತರಿಸಿದೆ, ಕರ್ಚೀಫಿನಷ್ಟು. ಚಾಪೆಗೆ ಇಳಿಸಿದ ದಿನ ಬೆರಳಿಗೆ ಆ ಅಂಚು ಸಿಕ್ಕಿತು, ಅಳು ನಿಂತಿತು. ಎರಡು ವಾರದ ಕೆಲಸ. ಹೋಳಿಗೆ ಬಂತು. ವರ್ಷದೊಳಗಿನ ಕೂಸಿಗೆ ಮಾತ್ರ ಈ ಬಟ್ಟೆಯ ಉಪಾಯ ಬೇಡ. ಅವಕ್ಕೆ ಗಟ್ಟಿ ಚಪ್ಪಟೆ ಹಾಸಿಗೆ, ಅಂಗಾತ ಮಲಗಿಸುವುದು, ದಿಂಬು ದುಪಟ್ಟಾ ಯಾವುದೂ ಹತ್ತಿರ ಇರಬಾರದು.

ಎಂಟು ಮಕ್ಕಳಲ್ಲಿ ಮೊದಲು ಯಾರನ್ನು ಮಲಗಿಸಬೇಕು, ಯಾರ ಪಕ್ಕ ಯಾರು ಇರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಜಾಯಿಕಾಯಿ ತೇಯ್ದು ನೆಕ್ಕಿಸಿ ಅಂತ ಹೇಳುವವರು ಈಗಲೂ ಇದ್ದಾರೆ. ನಮ್ಮ ಬಾಗಿಲೊಳಗೆ ಅದು ಬರುವುದಿಲ್ಲ. ಜಾಸ್ತಿಯಾದರೆ ಅದು ವಿಷವೇ, ಕೂಸಿಗೆ ಎಷ್ಟು ಜಾಸ್ತಿ ಅಂತ ತೇಯುವ ಕಲ್ಲಿಗೆ ಗೊತ್ತಾಗುತ್ತದಾ? ನೆಗಡಿ ಸಿರಪ್ ಕುಡಿಸಿ ಮಲಗಿಸುವುದೂ ಅಷ್ಟೇ. ರಾತ್ರಿ ರಾಗಿ ಸರಿ ಗಟ್ಟಿಯಾಗಿ ತಿನ್ನಿಸಿದರೆ ಬೆಳಗಿನವರೆಗೆ ಏಳುವುದಿಲ್ಲ ಅನ್ನುವುದನ್ನು ಮೂರು ನಾಲ್ಕು ಮನೆಯಲ್ಲಿ ಮಾಡಿಸಿ ನೋಡಿದೆ. ಏನೂ ಫರಕ್ ಇಲ್ಲ.

ಆರು ತಿಂಗಳೊಳಗಿನವಕ್ಕೆ ನನ್ನ 12.15ರ ಲೆಕ್ಕ ಹಾಕಬೇಡಿ. ಮೊದಲ ಎರಡು ಮೂರು ತಿಂಗಳು ಅವಕ್ಕೆ ಹಗಲು ರಾತ್ರಿಯೇ ಬೇರೆ ಬೇರೆಯಲ್ಲ. ಅಲ್ಲಿ ಒಂದೇ ಮಾತು. ಮುಕ್ಕಾಲು ಗಂಟೆಗೆ ಮಿಸುಕಿದರೆ ತಕ್ಷಣ ಎತ್ತಬೇಡಿ. ಒಂದು ಸುತ್ತಿನ ನಿದ್ದೆ ಮುಗಿದಿರುತ್ತದೆ, ಸುಮ್ನೆ ನಿಂತರೆ ಎಷ್ಟೋ ಸಲ ಅದೇ ಇನ್ನೊಂದು ಸುತ್ತಿಗೆ ಇಳಿಯುತ್ತದೆ. ಇದನ್ನು ಬಾಯಿಗೆ ಕಲಿಸುವುದು ನನಗೆ ಮಕ್ಕಳನ್ನು ಮಲಗಿಸುವುದಕ್ಕಿಂತ ಕಷ್ಟವಾಯಿತು. ಕುಂಯ್ ಅಂದರೆ ಎತ್ತಿಕೊಳ್ಳುವುದು ಆಕೆಯ ಪ್ರೀತಿ.

ದೊಡ್ಡ ಮಕ್ಕಳಿಗೆ 4ರ ಮೇಲೆ ನಿದ್ದೆ ಇಲ್ಲ. 5ಕ್ಕೆ ಸೊಸೈಟಿ ಅಂಗಳ, 6.30ಕ್ಕೆ ಇಲ್ಲೇ ಅನ್ನ ಸಾರು, ಕೈಕಾಲು ತೊಳೆದು ರಾತ್ರಿ ಬಟ್ಟೆ. ಊಟಕ್ಕೆ ತಿಂಗಳಿಗೆ 800 ಬೇರೆ ತಗೊಳ್ಳುತ್ತೇನೆ, ಯಾರೂ ಕೊಸರಾಡಿಲ್ಲ. ಅಮ್ಮಂದಿರಿಗೆ ಹೇಳುವುದು ಇಷ್ಟೇ: ರಿಕ್ಷಾದಲ್ಲಿ ಹೆಗಲಿಗೆ ಹಾಕಬೇಡಿ, ತೊಡೆ ಮೇಲೆ ಮುಂದಕ್ಕೆ ಮುಖ ಮಾಡಿ ಕೂರಿಸಿ, ಮನೆ ಬರುವವರೆಗೆ ಬಸ್ಸು ನಾಯಿ ತೋರಿಸುತ್ತಾ ಮಾತಾಡಿಸಿ. ಆ 20 ನಿಮಿಷ ದಾಟಿದರೆ ರಾತ್ರಿ ನಿಮ್ಮದು. ಬಿಡಿಸಿಕೊಂಡು ಹೋಗಿದ್ದ ಇಬ್ಬರಲ್ಲಿ ಒಬ್ಬರು ದೀಪಾವಳಿ ಕಳೆದು ವಾಪಸ್ ಬಂದರು. ತಂಗಿಯ ಮಗುವನ್ನೂ ಕರೆತಂದರು.

ಶುರು ಮಾಡುವವರು ಜುಲೈ ತಿಂಗಳು ನೋಡಿಕೊಳ್ಳಿ. ಮೇ ತಿಂಗಳಿಡೀ ಮಕ್ಕಳು ಊರಿಗೆ ಹೋಗಿರುತ್ತಾರೆ, ಜೂನ್ ಪೂರ್ತಿ ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ಗಣಪತಿ ಬಂದ ಮೇಲಂತೂ ವಿಸರ್ಜನೆಯ ಢೋಲ್ ತಾಶಾ ಮುಗಿಯುವವರೆಗೆ ಹೊಸದೇನನ್ನೂ ಹಿಡಿಯಬೇಡಿ. ಹಳೆಯ ಸಮಯವನ್ನು ಕಾಪಾಡಿಕೊಂಡರೆ ಸಾಕು. ಇನ್ವರ್ಟರ್ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ. ನನಗೆ ಬ್ಯಾಟರಿ ಸೇರಿ 22,000ದ ಹತ್ತಿರ ಬಿತ್ತು. ಫ್ಯಾನ್ ನಿಂತರೆ ಎಂಟೂ ಮಕ್ಕಳು ಒಟ್ಟಿಗೇ ಏಳುತ್ತವೆ.