ಕಕ್ಕಡದ ಮಳೆಯಲ್ಲಿ ಪೆರೋವ್‌ಸ್ಕೈಟ್ ಹರಳು

ಗಾಳಿ, ತೇವ ನುಗ್ಗದಂತೆ ಮುಚ್ಚಿದ ಗ್ಲವ್ ಬಾಕ್ಸ್ ಇಲ್ಲದೆ ಪೆರೋವ್‌ಸ್ಕೈಟ್ ನ್ಯಾನೋ ಹರಳು (ಯುವಿ ಬಿದ್ದರೆ ಬಣ್ಣದ ಬೆಳಕು ಕೊಡುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳು) ಮಾಡೋಕೆ ಆಗಲ್ಲ, ಅದರಲ್ಲೂ ಕೊಡಗಿನ ಮಳೆಗಾಲದಲ್ಲಿ ಆ ಆಸೆಯೇ ಬೇಡ ಅಂತ ಕೆಲವರು ಹೇಳುತ್ತಾರೆ. ಹಸಿರು ಬೆಳಕು ಕೊಡುವ ಸೀಸಿಯಂ ಲೆಡ್ ಬ್ರೋಮೈಡ್ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಮಡಿಕೇರಿಯಲ್ಲಿ, ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆ ಸುರಿಯುವಾಗಲೇ, ಕಾಲೇಜಿನ, ಹೊಗೆ ಹೊರಗೆಳೆಯುವ ಸಾಮಾನ್ಯ ಫ್ಯೂಮ್ ಹುಡ್‌ನಲ್ಲಿ ಮಾಡಿದ್ದೇನೆ. ನೀರು ಇದರ ಶತ್ರು, ಅದು ನಿಜ. ಆದರೆ ಆ ನೀರು ಗಾಳಿಯಿಂದ ಬರುವುದಕ್ಕಿಂತ ಜಾಸ್ತಿ ನಮ್ಮ ಬಾಟಲಿಗಳಿಂದಲೇ ಬರುತ್ತದೆ.

ಈ ಹರಳುಗಳು ಹೆಸರು ಮಾಡಿದ್ದು 2015ರಲ್ಲಿ. ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸಿಂ ಕೊವಾಲೆಂಕೊ ಅವರ ತಂಡ 140ರಿಂದ 200 ಡಿಗ್ರಿ ಬಿಸಿಯ ದ್ರಾವಣಕ್ಕೆ ಸೀಸಿಯಂ ಓಲಿಯೇಟ್ ಚುಚ್ಚಿ, ಕೆಲವೇ ಸೆಕೆಂಡುಗಳಲ್ಲಿ ಐಸ್ ನೀರಿನಲ್ಲಿ ತಣ್ಣಗೆ ಮಾಡಿತು. ಒಳ್ಳೆಯ ವಿಧಾನವೇ. ಆದರೆ ಅದಕ್ಕೆ ವ್ಯಾಕ್ಯೂಮ್ ಬೇಕು, ನೈಟ್ರೋಜನ್ ಬೇಕು, ನಡುವೆ ಕೈಕೊಡದ ಕರೆಂಟ್ ಬೇಕು. ಗಾಳಿಮಳೆಗೆ ಲೈನ್ ಮೇಲೆ ಮರ ಬೀಳುವ ಊರಿನಲ್ಲಿ ಕೊನೆಯದನ್ನು ನಂಬುವ ಹಾಗಿಲ್ಲ. ಹಾಗಾಗಿ ನಾನು ಹಿಡಿದದ್ದು ರೂಮಿನ ಉಷ್ಣತೆಯಲ್ಲೇ ಆಗುವ ದಾರಿ.

147 ಮಿಲಿಗ್ರಾಂ ಲೆಡ್ ಬ್ರೋಮೈಡ್, 85 ಮಿಲಿಗ್ರಾಂ ಸೀಸಿಯಂ ಬ್ರೋಮೈಡ್. ಎರಡೂ 0.4 ಮಿಲಿಮೋಲ್. ಇವನ್ನು 10 ಮಿಲಿ ಡೈಮೀಥೈಲ್ ಫಾರ್ಮಮೈಡ್ (ಡಿಎಂಎಫ್) ಎಂಬ ದ್ರಾವಕದಲ್ಲಿ ಕರಗಿಸಬೇಕು. ಸೀಸಿಯಂ ಉಪ್ಪು ಬೇಗ ಕರಗುವುದಿಲ್ಲ, ತಾಳ್ಮೆಯಿಂದ ಸ್ಟರ್ ಮಾಡುತ್ತಿರಬೇಕು. ಆಮೇಲೆ 1 ಮಿಲಿ ಓಲಿಯಿಕ್ ಆಸಿಡ್, ಅರ್ಧ ಮಿಲಿ ಓಲಿಲಮೀನ್. ಈ ದ್ರಾವಣದಲ್ಲಿ 1 ಮಿಲಿ ತೆಗೆದು, ಜೋರಾಗಿ ತಿರುಗುತ್ತಿರುವ 10 ಮಿಲಿ ಟಾಲ್ವೀನ್‌ಗೆ ಒಂದೇ ಸಲ ಹಾಕುತ್ತೇನೆ. ಟಾಲ್ವೀನ್‌ನಲ್ಲಿ ಈ ಉಪ್ಪುಗಳು ಕರಗುವುದಿಲ್ಲ. ಅಲ್ಲೇ ಹರಳುಗಟ್ಟುತ್ತವೆ. ಆಸಿಡ್ ಮತ್ತು ಅಮೀನ್ ಹರಳಿನ ಮೈಗೆ ಅಂಟಿಕೊಂಡು ಅದನ್ನು ದೊಡ್ಡದಾಗಲು ಬಿಡುವುದಿಲ್ಲ. ಬಣ್ಣವಿಲ್ಲದ ದ್ರಾವಣ ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ಮಿಶ್ರಿತ ಹಸಿರಾಗುತ್ತದೆ. 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಹಿಡಿದರೆ ಇಡೀ ಬೀಕರ್ ಹಸಿರಾಗಿ ಉರಿಯುತ್ತದೆ.

ನಮ್ಮ ಚಳಿ ಇಲ್ಲಿ ಒಂದು ಆಟ ಆಡುತ್ತದೆ. ಒಂದು ಬೆಳಿಗ್ಗೆ ಲ್ಯಾಬ್ ಅಟೆಂಡರ್ ಬಂದು, "ಮೇಡಂ, ಈ ಬಾಟಲಿ ಹಾಳಾಗಿದೆ, ಬೇರೆ ತರಿಸಬೇಕು" ಅಂದರು. ನೋಡಿದರೆ ಓಲಿಲಮೀನ್ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಮಾಮೂಲಿ ಗ್ರೇಡಿನದು 20 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಜುಲೈಯಲ್ಲಿ ನಮ್ಮ ಲ್ಯಾಬ್ ಅದಕ್ಕಿಂತ ತಣ್ಣಗಿರುತ್ತದೆ. ಬಿಸಿನೀರಿನಲ್ಲಿಟ್ಟು, ಪೂರ್ತಿ ಕರಗಿದ ಮೇಲೆ ಅಲುಗಾಡಿಸಿ ತೆಗೆಯಬೇಕು. ಮೇಲೆ ತೇಲುವ ತಿಳಿಯನ್ನು ಮಾತ್ರ ಪಿಪೆಟ್‌ನಲ್ಲಿ ಎಳೆದರೆ ಅಳತೆಗೆ ಅರ್ಥವಿಲ್ಲ. ಟಾಲ್ವೀನ್ ಕೂಡ ತಣ್ಣಗಿದ್ದರೆ ಹರಳು ಚಿಕ್ಕದಾಗಿ, ಬೆಳಕು ನೀಲಿ ಕಡೆಗೆ ಸರಿಯುತ್ತದೆ. ಅದಕ್ಕೇ ಮಳೆಯಿರಲಿ ಬಿಸಿಲಿರಲಿ, ಟಾಲ್ವೀನನ್ನು 25 ಡಿಗ್ರಿಗೆ ತಂದೇ ಶುರು ಮಾಡುತ್ತೇನೆ.

ಈಗ ನೀರಿನ ವಿಷಯ. ಟಾಲ್ವೀನ್ ನೀರನ್ನು ಹತ್ತಿರಕ್ಕೇ ಸೇರಿಸುವುದಿಲ್ಲ. ಡಿಎಂಎಫ್ ಹಾಗಲ್ಲ, ಎಷ್ಟು ಕೊಟ್ಟರೂ ಕುಡಿಯುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಬಾಟಲಿಯನ್ನು ಮಳೆಗಾಲದ ಗಾಳಿಯಲ್ಲಿ ತೆರೆದರೆ ಕತ್ತಿನ ಒಳಗೇ ಇಬ್ಬನಿ ಕೂರುತ್ತದೆ. ನಾನು ಓವನ್‌ನಲ್ಲಿ ಚೆನ್ನಾಗಿ ಕಾಯಿಸಿದ 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ (ನೀರು ಹೀರುವ ಕಾಳು) ಹಾಕಿ, ಡಿಎಂಎಫನ್ನು ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ಹೊರಗೇ ಇಡುತ್ತೇನೆ. ಗಾಜಿನ ಸಾಮಾನು ಓವನ್‌ನಿಂದ ನೇರ, ತೇವ ಹೀರುವ ಸಿಲಿಕಾ ಜೆಲ್ ಡೆಸಿಕೇಟರ್‌ಗೆ. ಇಷ್ಟು ಮಾಡಿದರೆ ಹೊರಗೆ ಎಷ್ಟೇ ಮಳೆ ಹುಯ್ಯಲಿ, ಬೀಕರ್ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಹರಳು ತೊಳೆಯುವಾಗ ಜಾಸ್ತಿ ಜಾಗ್ರತೆ ಬೇಕು. ಎಥನಾಲ್, ಅಸಿಟೋನ್ ಹಾಕಿದರೆ ಮೈಗೆ ಅಂಟಿದ ಅಣುಗಳೂ ಕಿತ್ತುಬಂದು ಹೊಳಪು ಸತ್ತುಹೋಗುತ್ತದೆ. ಮೀಥೈಲ್ ಅಸಿಟೇಟ್ ಸೌಮ್ಯ.

ಯುವಿ ಟಾರ್ಚ್ ನೋಡಿ ಖುಷಿಪಡಿ, ಆದರೆ ನಂಬಬೇಡಿ. ಹರಳು ಬಿಡುವ ಬೆಳಕನ್ನು ಅಳೆಯೋಕೆ ನಾನು ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತೇನೆ. ಒಳ್ಳೆಯ ಮಾದರಿಯ ಪೀಕ್ (ಬೆಳಕು ಅತಿ ಜೋರಾಗಿರುವ ತರಂಗಾಂತರ) 510–520 ನ್ಯಾನೋಮೀಟರ್ ನಡುವೆ ಬರುತ್ತದೆ, ಅರ್ಧ ಎತ್ತರದಲ್ಲಿ ಅಗಲ 20ರ ಆಸುಪಾಸು. ಈ ಕಡಿಮೆ ಅಗಲವೇ ಇದರ ಬಣ್ಣ ಅಷ್ಟು ಶುದ್ಧವಾಗಿ ಕಾಣುವುದಕ್ಕೆ ಕಾರಣ. ದ್ರಾವಣ ಗಾಢವಾಗಿದ್ದರೆ ಹರಳು ಬಿಟ್ಟ ಬೆಳಕನ್ನು ಪಕ್ಕದ ಹರಳೇ ನುಂಗುತ್ತದೆ, ಪೀಕ್ ಸುಮ್ನೆ ಕೆಂಪು ಕಡೆಗೆ ಜಾರುತ್ತದೆ. ಹರಳು ದೊಡ್ಡದಾಯಿತು ಅಂತ ಅಂದುಕೊಳ್ಳುವ ಮೊದಲು ತೆಳು ಮಾಡಿ ಮತ್ತೆ ನೋಡಿ.

ಕ್ವಾಂಟಂ ಯೀಲ್ಡ್ ಅಂದರೆ ಹೀರಿದ ಫೋಟಾನ್‌ಗಳಲ್ಲಿ ಎಷ್ಟು ಬೆಳಕಾಗಿ ವಾಪಸ್ ಬಂದವು ಅನ್ನುವ ಲೆಕ್ಕ. ಇದಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿದ ಫ್ಲೋರೆಸಿನ್ ಜೊತೆ ಹೋಲಿಸುತ್ತೇನೆ. ಅದರ ಕ್ವಾಂಟಂ ಯೀಲ್ಡ್ ಸುಮಾರು 0.95. ಎರಡರ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) 0.1ಕ್ಕಿಂತ ಕೆಳಗಿರಬೇಕು. ಫ್ಲೋರೆಸಿನ್ ಇರುವುದು ನೀರಿನಲ್ಲಿ, ಹರಳು ಟಾಲ್ವೀನ್‌ನಲ್ಲಿ. ವಕ್ರೀಭವನಾಂಕ ಒಂದಕ್ಕೆ 1.33, ಇನ್ನೊಂದಕ್ಕೆ 1.50. ಈ ಅನುಪಾತದ ವರ್ಗ ಸುಮಾರು 1.27. ಅದನ್ನು ಗುಣಿಸದೆ ಬಿಟ್ಟರೆ ಉತ್ತರ ಐದರಲ್ಲಿ ಒಂದು ಪಾಲು ಕಡಿಮೆ ಬರುತ್ತದೆ.

ಬಣ್ಣ ಬದಲಿಸೋದು ಇದರಲ್ಲಿ ಮಜವಾದ ಕೆಲಸ. ಹಸಿರು ದ್ರಾವಣಕ್ಕೆ ಕ್ಲೋರೈಡ್ ಸೇರಿಸುತ್ತಾ ಹೋದರೆ ನೀಲಿ, ಅಯೋಡೈಡ್ ಸೇರಿಸಿದರೆ ಹಳದಿ, ಕಿತ್ತಳೆ, ಕೆಂಪು. ಹರಳಿನ ಚೌಕಟ್ಟು ಹಾಗೇ ಇರುತ್ತದೆ, ಒಳಗಿನ ಅಯಾನು ಮಾತ್ರ ಬದಲಾಗುತ್ತದೆ. ಕೆಂಪಿನದು ಮಾತ್ರ ನಮ್ಮ ಹವೆಗೆ ನಿಲ್ಲುವುದಿಲ್ಲ. ಸೀಸಿಯಂ ಲೆಡ್ ಅಯೋಡೈಡ್ ಬೆಳಕು ಕೊಡದ ಹಳದಿ ರೂಪಕ್ಕೆ ತಿರುಗಿಬಿಡುತ್ತದೆ, ತೇವ ಅದಕ್ಕೆ ಇನ್ನಷ್ಟು ಅವಸರ ಮಾಡುತ್ತದೆ. ಅದನ್ನು ನಾನು ಬೇಸಿಗೆಯಲ್ಲಿ ಮಾತ್ರ ಮಾಡುತ್ತೇನೆ.

ಉಳಿದ ದ್ರಾವಣದಲ್ಲಿ ಸೀಸ ಇದೆ. ಸಿಂಕ್‌ಗೆ ಸುರಿಯುವ ಹಾಗಿಲ್ಲ, ಇಲ್ಲಿನ ಬಹುಪಾಲು ತೋಡು ಕೊನೆಗೆ ಕಾವೇರಿ ಸೇರುತ್ತವೆ. ತೊಳೆದ ನೀರು, ಪಿಪೆಟ್ ತುದಿ, ಟಿಶ್ಯೂ ಎಲ್ಲವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, 'ಸೀಸ' ಅಂತ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡುತ್ತೇವೆ. ಡಿಎಂಎಫ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೈಗವಸು ಸ್ವಲ್ಪ ಒದ್ದೆಯಾದರೂ ತಕ್ಷಣ ಬದಲಿಸಿ.