ಹಳೆಯ ಭೂತಗನ್ನಡಿ ದೀಪಕ್ಕೆ ಎಲ್‌ಇಡಿ ಜೋಡಿಸುವುದು ಹೇಗೆ?

ಉಡುಪಿಯ ರಥಬೀದಿಯ ಅಕ್ಕಸಾಲಿಗರಿಂದ ಹಿಡಿದು ಮಂಗಳೂರಿನ ಹಂಪನಕಟ್ಟೆಯ ವಾಚ್ ರಿಪೇರಿಯವರವರೆಗೆ ಸೂಕ್ಷ್ಮ ಕೆಲಸ ಮಾಡುವವರಿಗೆಲ್ಲ ಪರಿಚಿತವಾದದ್ದು ಸ್ಪ್ರಿಂಗ್ ತೋಳಿನ, ದುಂಡು ಟ್ಯೂಬಿನ ಭೂತಗನ್ನಡಿ ದೀಪ. ಅದರ ಐದು ಇಂಚಿನ ಗಾಜು ಎಷ್ಟು ವರ್ಷವಾದರೂ ಕೆಡುವುದಿಲ್ಲ. ಕೆಡುವುದು 22 ವ್ಯಾಟಿನ ಟ್ಯೂಬ್ ಮತ್ತು ಗುಂಯ್‌ಗುಡುವ ಚೋಕ್. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದದ 2023ರ ಸಭೆಯು ಫ್ಲೋರೆಸೆಂಟ್ ದೀಪಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ತೀರ್ಮಾನಿಸಿರುವುದರಿಂದ, ಹೊಸ ಟ್ಯೂಬ್ ಹುಡುಕುತ್ತಾ ಅಲೆಯುವುದರಲ್ಲಿ ಅರ್ಥವಿಲ್ಲ.

ಮೊದಲು ಪ್ಲಗ್ ಕಿತ್ತು, ಟ್ಯೂಬ್, ಹೋಲ್ಡರ್, ಸ್ಟಾರ್ಟರ್, ಚೋಕ್ ಎಲ್ಲವನ್ನೂ ತೆಗೆಯಿರಿ. ಟ್ಯೂಬಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯದೆ ಇ-ತ್ಯಾಜ್ಯಕ್ಕೆ ಕೊಡಬೇಕು. ಕೆಲಸ ನಡೆಯುವಷ್ಟು ಹೊತ್ತು ಗಾಜಿನ ಮೇಲೆ ಬಟ್ಟೆ ಮುಚ್ಚಿಡಿ. ಕಿಟಕಿಯ ಬಿಸಿಲು ಅದರ ಮೂಲಕ ಹಾದು ಮೇಜನ್ನು ಸುಟ್ಟೀತು.

ಕೊಳ್ಳಬೇಕಾದದ್ದು 12 ವೋಲ್ಟಿನ, ಮೀಟರಿಗೆ 120 ಎಲ್‌ಇಡಿ ಇರುವ ಸ್ಟ್ರಿಪ್ ಮತ್ತು 12 ವೋಲ್ಟ್, 1 ಆಂಪಿಯರಿನ ಅಡಾಪ್ಟರ್. ಬೆಳಕಿನ ಬಣ್ಣ 4000 ಕೆಲ್ವಿನ್, ಸಿಆರ್‌ಐ (ವಸ್ತುಗಳ ನಿಜ ಬಣ್ಣವನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಇರಲೇಬೇಕು. 6500 ಕೆಲ್ವಿನ್‌ನ ನೀಲಿ ಛಾಯೆಯ ಬೆಳಕಿನಲ್ಲಿ ಚಿನ್ನವೂ ಬಿಳಿಚಿಕೊಳ್ಳುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ನೇರವಾಗಿ 230 ವೋಲ್ಟಿಗೆ ಜೋಡಿಸುವ ದುಂಡು ಬೋರ್ಡುಗಳನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ: ಅವುಗಳ ತೆರೆದ ಎಲ್‌ಇಡಿಗಳಲ್ಲೇ ಮೇನ್ಸ್ ವಿದ್ಯುತ್ ಇರುತ್ತದೆ, ಅದರ ಕೆಳಗೆ ಇಕ್ಕಳ ಹಿಡಿದು ಆಡುವುದು ನಿಮ್ಮ ಕೈ.

ಹೆಚ್ಚಿನವರು ಎಡವುವುದು ಸ್ಟ್ರಿಪ್ ಅಂಟಿಸುವಲ್ಲಿ. ಸ್ಟ್ರಿಪ್ ಅಡ್ಡಕ್ಕೆ ಬಾಗದ ಕಾರಣ ಅದನ್ನು ದೀಪದ ಒಳಗೋಡೆಗೆ ಸುತ್ತಿಬಿಡುತ್ತಾರೆ. ಆಗ ಬೆಳಕು ಕೆಲಸದ ಮೇಲೆ ಬೀಳುವ ಬದಲು ಗಾಜಿಗೂ ಕಣ್ಣಿಗೂ ಹೊಡೆಯುತ್ತದೆ. ಬೆಳಕು ಕೆಳಮುಖವಾಗಬೇಕಾದರೆ ತುಂಡುಗಳನ್ನು ಒಂದು ಚಪ್ಪಟೆ ಬಳೆಯ ಮೇಲೆ ಕೂರಿಸಬೇಕು. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ ಹೊರಗೆ 19, ಒಳಗೆ 14 ಸೆಂಟಿಮೀಟರ್ ವ್ಯಾಸದ ಬಳೆ ಕತ್ತರಿಸಿ, ಟ್ಯೂಬಿನ ಕ್ಲಿಪ್ ಇದ್ದ ತೂತುಗಳಿಗೇ ಸ್ಕ್ರೂ ಹಾಕುವಂತೆ ಅಳತೆ ಮಾಡಿಕೊಳ್ಳಿ. ಸ್ಟ್ರಿಪ್ಪನ್ನು ಕತ್ತರಿ ಗುರುತಿರುವಲ್ಲೇ ಕತ್ತರಿಸಿ ಐದೈದು ಸೆಂಟಿಮೀಟರಿನ ಹತ್ತು ತುಂಡು ಮಾಡಿದರೆ, ನಡುವೆ ಮೂರು ಮಿಲಿಮೀಟರ್ ಬಿಟ್ಟು ಜೋಡಿಸಿದಾಗ ಅವು ಹತ್ತು ಮೂಲೆಯ ಬಳೆಯಾಗಿ ಸರಿಯಾಗಿ ಕೂರುತ್ತವೆ. ಒಟ್ಟು 60 ಎಲ್‌ಇಡಿ, ಸುಮಾರು 5 ವ್ಯಾಟ್. ಟ್ಯೂಬಿನ ಬೆಳಕಿನಲ್ಲಿ ದೊಡ್ಡ ಪಾಲು ಮೇಲಕ್ಕೆ ಹೋಗಿ ವ್ಯರ್ಥವಾಗುತ್ತಿದ್ದುದರಿಂದ ಇಷ್ಟು ಧಾರಾಳ ಸಾಕು.

ಅಂಟಿಸುವ ಮೊದಲೇ, ತುಂಡುಗಳು ಮರದ ಹಲಗೆಯ ಮೇಲಿರುವಾಗಲೇ, ಎರಡೂ ತುದಿಯ ತಾಮ್ರದ ಚುಕ್ಕೆಗಳಿಗೆ ಸೋಲ್ಡರ್ ಹಿಡಿಸಿಕೊಳ್ಳಿ. ತಗಡಿನ ಮೇಲೆ ಈ ಕೆಲಸಕ್ಕೆ ಹೊರಟರೆ ಅಲ್ಯೂಮಿನಿಯಂ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ನೀವು ಐರನ್ನನ್ನು ಇನ್ನಷ್ಟು ಒತ್ತುತ್ತೀರಿ, ಕೊನೆಗೆ ಚುಕ್ಕೆಯೇ ಕಿತ್ತು ಬರುತ್ತದೆ. 25 ವ್ಯಾಟಿನ ಐರನ್, ಎರಡು ಸೆಕೆಂಡಿನ ಸ್ಪರ್ಶ, ಅಷ್ಟೇ. ಬಳಿಕ ಬಳೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮೂಲೆ ಬರುವಲ್ಲೆಲ್ಲ ಶಾಖ ತಡೆಯುವ ಟೇಪಿನ ತುಣುಕು ಅಂಟಿಸಿ, ಅದರ ಮೇಲೆ ತುಂಡುಗಳನ್ನು ಕೂರಿಸಿ. ಟೇಪ್ ಇಲ್ಲದಿದ್ದರೆ ಕತ್ತರಿಸಿದ ಅಂಚಿನಿಂದ ಸೋಲ್ಡರ್ ಇಳಿದು ತಗಡಿಗೆ ತಾಗಿ ಶಾರ್ಟ್ ಆಗುತ್ತದೆ. ಪ್ರತಿ ಮೂಲೆಯಲ್ಲೂ ಪ್ಲಸ್ಸಿನಿಂದ ಪ್ಲಸ್ಸಿಗೆ, ಮೈನಸ್ಸಿನಿಂದ ಮೈನಸ್ಸಿಗೆ ತೆಳು ವೈರಿನ ತುಣುಕು ಹಾಕಿ. ಕೊನೆಯ ತುಂಡನ್ನೂ ಮೊದಲನೆಯದಕ್ಕೆ ಹೀಗೆಯೇ ಸೇರಿಸಿ ಬಳೆ ಮುಚ್ಚಿದರೆ ಶಾರ್ಟ್ ಆಗುತ್ತದೆಂದು ಕೆಲವರು ಹೆದರುತ್ತಾರೆ. ಹಾಗೇನೂ ಆಗದು, ಒಂದು ಬೆಸುಗೆ ಬಿಟ್ಟುಹೋದರೂ ಇನ್ನೊಂದು ದಿಕ್ಕಿನಿಂದ ವಿದ್ಯುತ್ ಬರುವುದರಿಂದ ಅದು ಒಳ್ಳೆಯದೇ. ಅಡಾಪ್ಟರ್ ಹಚ್ಚುವ ಮುನ್ನ ತಗಡಿಗೂ ಪ್ಲಸ್ಸಿಗೂ, ತಗಡಿಗೂ ಮೈನಸ್ಸಿಗೂ ನಡುವೆ ಮಲ್ಟಿಮೀಟರ್ (ಸಂಪರ್ಕವಿದ್ದರೆ ಬೀಪ್ ಎನ್ನುವ ಅಳತೆಯಲ್ಲಿಟ್ಟು) ಬೀಪ್ ಮಾಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ತೆರೆದ ತಾಮ್ರ ಬೇಗ ಹಸಿರುಗಟ್ಟುತ್ತದೆ. ಬೆಸುಗೆಗಳ ಮೇಲೆ ಉಳಿದ ಫ್ಲಕ್ಸನ್ನು (ಬೆಸುಗೆ ಮೇಣವನ್ನು) ಒರೆಸಿ ತೆಳುವಾಗಿ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ. ಹುಳಿ ವಾಸನೆಯ ಸಿಲಿಕೋನ್ ಬೇಡವೇ ಬೇಡ; ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ.

ತೋಳಿನ ಹಳೆಯ ವೈರ್ ಗಂಟುಗಳಲ್ಲಿ ಗಡುಸಾಗಿ ಸೀಳಿರುತ್ತದೆ; ಬಳೆಯ ಪ್ಲಸ್, ಮೈನಸ್ಸಿಗೆ ಬೆಸೆದ ಹೊಸ ಎರಡೆಳೆಯ ವೈರನ್ನು ತೋಳಿನ ಉದ್ದಕ್ಕೂ ಎಳೆದು, ಬುಡದಲ್ಲಿ ಅಡಾಪ್ಟರಿನ ಸಾಕೆಟ್ ಕೂರಿಸಿ. ಹಳೆಯ ಪ್ಲಗ್ಗನ್ನು ವೈರಿನ ಸಮೇತ ಕತ್ತರಿಸಿ ಎಸೆಯಿರಿ, ಇಲ್ಲವಾದರೆ ಒಂದಲ್ಲ ಒಂದು ದಿನ ಯಾರಾದರೂ ಅದನ್ನು 230 ವೋಲ್ಟಿಗೆ ಸಿಕ್ಕಿಸುತ್ತಾರೆ. ಗಾಜಿನ ಸುತ್ತ ಒಂದು ಸೆಂಟಿಮೀಟರ್ ಎತ್ತರದ ಕಪ್ಪು ರಟ್ಟಿನ ಅಂಚು ಕಟ್ಟಿದರೆ ಗಾಜಿನಲ್ಲಿ ಎಲ್‌ಇಡಿಗಳ ಪ್ರತಿಬಿಂಬ ಕಾಣುವುದಿಲ್ಲ.

ಟ್ಯೂಬ್ ಹೋಗಿ ತಲೆ ಹಗುರಾದುದರಿಂದ ತೋಳು ತಾನಾಗಿ ಮೇಲೇಳುತ್ತದೆ. ಅದು ನಿಲ್ಲುವವರೆಗೆ ಸ್ಪ್ರಿಂಗನ್ನು ಸಡಿಲಿಸಿ. ಚೋಕ್ ಬುಡದೊಳಗಿದ್ದ ಮಾದರಿಯಾದರೆ ಅದರ ಭಾರವೇ ದೀಪ ಮಗುಚದಂತೆ ಹಿಡಿದಿರುತ್ತದೆ, ಆ ಜಾಗಕ್ಕೆ ಗುಜರಿ ಅಂಗಡಿಯಿಂದ ಅಷ್ಟೇ ತೂಕದ ಕಬ್ಬಿಣದ ತುಂಡು ತಂದು ಬಿಗಿಯಬೇಕು.